ತಪ್ಪು ಗೊತ್ತಾಗುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪದವಿ ತರಗತಿಗಳ ಪಾಠ, ಐಎ (ಆಂತರಿಕ ಮೌಲ್ಯಮಾಪನ) ಮತ್ತು ಪರೀಕ್ಷೆಯ ಮೌಲ್ಯಮಾಪನದಲ್ಲಿ ತಂತ್ರಜ್ಞಾನ ಬಳಸುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಕೊಡುತ್ತಿದ್ದೇವೆ. ಹೆಚ್ಚಿನವರು ಕೇಳುವುದು ‘ಯಾವ ಆ್ಯಪ್ ಒಳ್ಳೆಯದು?’ ಎಂದು. ನಾವು ಬೇರೊಂದು ಲೆಕ್ಕ ಹಾಕುತ್ತೇವೆ. ವಿದ್ಯಾರ್ಥಿ ತಪ್ಪು ಮಾಡಿದ ದಿನದಿಂದ, ಅದು ತಪ್ಪೆಂದು ಅವರಿಗೆ ತಿಳಿದು ಇನ್ನೊಮ್ಮೆ ಬರೆದು ನೋಡುವ ದಿನದವರೆಗೆ ಎಷ್ಟು ದಿನ? ಆ ಅಂತರ ಕಡಿಮೆ ಮಾಡುವ ಸಾಧನ ಒಂದು ಹಾಳೆ ಕಾಗದವಾದರೂ ಸೈ. ಕೆಳಗಿನ ಉತ್ತರಗಳೆಲ್ಲ ಇದೇ ಲೆಕ್ಕದ ಮೇಲೆ ನಿಂತಿವೆ.

ಪ್ರಶ್ನೆ: ಬಿ.ಎ. ಮೊದಲ ವರ್ಷಕ್ಕೆ ಅರ್ಥಶಾಸ್ತ್ರ ಹೇಳುತ್ತೇನೆ. ಕ್ಲಾಸಿನಲ್ಲಿ 110 ಮಕ್ಕಳು. ‘ಅರ್ಥ ಆಯ್ತಾ?’ ಅಂದರೆ ‘ಆಯ್ತು ಸರ್’ ಅನ್ನುತ್ತಾರೆ, ಟೆಸ್ಟಿನಲ್ಲಿ ನೋಡಿದರೆ ಏನೂ ಇರುವುದಿಲ್ಲ. ಕ್ಲಿಕ್ಕರ್ (ಗುಂಡಿ ಒತ್ತಿ ಉತ್ತರ ಕಳಿಸುವ ಸಾಧನ) ಕೊಳ್ಳಲು ಕಾಲೇಜಿನಲ್ಲಿ ದುಡ್ಡಿಲ್ಲ, ಎಲ್ಲರ ಹತ್ತಿರ ಡೇಟಾ ಇರುವ ಫೋನೂ ಇಲ್ಲ. ಏನು ಮಾಡಲಿ?
— ಅತಿಥಿ ಉಪನ್ಯಾಸಕರು, ಹಾವೇರಿ ಜಿಲ್ಲೆ

ಉತ್ತರ: ‘ಅರ್ಥ ಆಯ್ತಾ?’ ಎಂಬ ಪ್ರಶ್ನೆಗೆ ‘ಇಲ್ಲ’ ಅನ್ನಲು ಧೈರ್ಯ ಬೇಕು. ಅದರ ಬದಲು ನಾಲ್ಕು ಆಯ್ಕೆಯ ಒಂದು ಪ್ರಶ್ನೆ ಕೇಳಿ, ಎಲ್ಲರೂ ಒಂದೇ ಸಲ ಉತ್ತರ ತೋರಿಸುವಂತೆ ಮಾಡಿ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ಶುರು ಮಾಡಿದ ‘ಪೀರ್ ಇನ್‌ಸ್ಟ್ರಕ್ಷನ್’ ಕ್ರಮ ನಿಮ್ಮ ತರಗತಿಗೆ ಹೇಳಿ ಮಾಡಿಸಿದಂತಿದೆ.

ಹದಿನೈದು ಇಪ್ಪತ್ತು ನಿಮಿಷ ಪಾಠವಾದ ಮೇಲೆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಒಂದು ನಿಮಿಷ ಯಾರೂ ಮಾತಾಡದೆ ಯೋಚಿಸಲಿ, ಆಮೇಲೆ ಮತ ತೋರಿಸಲಿ. ಸರಿ ಉತ್ತರ ಕೊಟ್ಟವರು ಶೇ. 30ಕ್ಕಿಂತ ಕಡಿಮೆ ಇದ್ದರೆ ಪಾಠವೇ ತಲುಪಿಲ್ಲ, ಬೇರೆ ಉದಾಹರಣೆ ಹಿಡಿದು ಮತ್ತೆ ಹೇಳಿ. ಶೇ. 70ಕ್ಕಿಂತ ಹೆಚ್ಚಿದ್ದರೆ ಒಂದು ಮಾತಿನಲ್ಲಿ ವಿವರಿಸಿ ಮುಂದೆ ಹೋಗಿ. ಈ ಎರಡರ ನಡುವೆ ಇದ್ದಾಗ ಸರಿ ಉತ್ತರ ಹೇಳಬೇಡಿ. ‘ಬೇರೆ ಉತ್ತರ ತೋರಿಸಿದ ಪಕ್ಕದವರನ್ನು ಒಪ್ಪಿಸಿ’ ಎಂದು ಎರಡು ಮೂರು ನಿಮಿಷ ಬಿಟ್ಟು, ಮತ್ತೆ ಮತ ತೆಗೆದುಕೊಳ್ಳಿ. ಎರಡನೇ ಮತ ಆದ ಮೇಲೆ ನೀವು ವಿವರಿಸಿ. ಒಟ್ಟು ಏಳೆಂಟು ನಿಮಿಷ. ಒಂದು ಗಂಟೆಗೆ ಇಂಥ ಎರಡು ಪ್ರಶ್ನೆ ಸಾಕು.

ಪ್ರಶ್ನೆ ಹೇಗಿರಬೇಕು ಎಂಬುದರಲ್ಲೇ ಇದರ ಜೀವ ಇದೆ. ‘ಬೇಡಿಕೆಯ ನಿಯಮ ಎಂದರೇನು?’ ಎಂದು ಕೇಳಿದರೆ ಬಾಯಿಪಾಠ ಹೊರಬರುತ್ತದೆ, ಅಷ್ಟೇ. ಹೀಗೆ ಕೇಳಿ: ಈರುಳ್ಳಿ ಬೆಲೆ ಕಿಲೋಗೆ 30 ರೂಪಾಯಿಯಿಂದ 60ಕ್ಕೆ ಏರಿತು, ಜನ ಕೊಳ್ಳುವುದನ್ನು ಕಡಿಮೆ ಮಾಡಿದರು. ಈರುಳ್ಳಿಯ ಬೇಡಿಕೆ ರೇಖೆ ಏನಾಯಿತು? ಎ) ಎಡಕ್ಕೆ ಸರಿಯಿತು. ಬಿ) ಬಲಕ್ಕೆ ಸರಿಯಿತು. ಸಿ) ರೇಖೆ ಅಲ್ಲೇ ಇದೆ, ಅದರ ಮೇಲೆ ಬಿಂದು ಮೇಲಕ್ಕೆ ಹೋಯಿತು. ಡಿ) ರೇಖೆ ನೇರವಾಗಿ ನಿಂತಿತು. ‘ಎ’ ಎನ್ನುವವರು ಬಹಳ ಜನ ಸಿಗುತ್ತಾರೆ. ಬೇಡಿಕೆ ಬದಲಾಗುವುದಕ್ಕೂ ಬೇಡಿಕೆಯ ಪ್ರಮಾಣ ಬದಲಾಗುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ತಿಳಿದಿಲ್ಲವೆಂದು ನಿಮಗೆ ಅಲ್ಲೇ ಗೊತ್ತಾಗುತ್ತದೆ. ತಪ್ಪು ಆಯ್ಕೆಗಳನ್ನು ಸುಮ್ಮನೆ ಕಲ್ಪಿಸಬೇಡಿ, ಹಳೆಯ ಉತ್ತರ ಪತ್ರಿಕೆಗಳಲ್ಲಿ ಮಕ್ಕಳು ನಿಜವಾಗಿ ಮಾಡಿದ ತಪ್ಪುಗಳಿಂದ ಎತ್ತಿಕೊಳ್ಳಿ.

ಮತ ತೋರಿಸುವುದಕ್ಕೆ ಕೈ ಎತ್ತಿಸಬೇಡಿ, ಮುಂದಿನ ಬೆಂಚು ನೋಡಿ ಹಿಂದಿನ ಬೆಂಚು ಎತ್ತುತ್ತದೆ. ಒಂದು ಎ4 ಹಾಳೆಯನ್ನು ನಾಲ್ಕಾಗಿ ಮಡಿಸಿ, ಒಂದೊಂದು ಭಾಗದಲ್ಲಿ ದೊಡ್ಡದಾಗಿ ಎ, ಬಿ, ಸಿ, ಡಿ ಬರೆದು, ಉತ್ತರದ ಭಾಗವನ್ನು ಎದೆಗೆ ಒತ್ತಿ ಹಿಡಿದು ತೋರಿಸಿದರೆ ಖರ್ಚು ಒಂದು ಹಾಳೆ. ನಿಖರ ಲೆಕ್ಕ ಬೇಕಿದ್ದರೆ ಪ್ಲಿಕರ್ಸ್ ಕಾರ್ಡು ನೋಡಿ. ಕ್ಯೂಆರ್ ಕೋಡಿನಂಥ ಚಿತ್ರವಿರುವ ಕಾಗದದ ಕಾರ್ಡನ್ನು ಯಾವ ಬದಿ ಮೇಲಾಗಿ ಹಿಡಿದರೋ ಅದೇ ಉತ್ತರ. ಫೋನ್ ಬೇಕಾದದ್ದು ನಿಮಗೊಬ್ಬರಿಗೇ, ಕ್ಯಾಮೆರಾವನ್ನು ತರಗತಿಯ ಮೇಲೆ ನಿಧಾನವಾಗಿ ಆಡಿಸಿದರೆ ಎಣಿಕೆ ಬರುತ್ತದೆ. ಕಾರ್ಡಿನ ಅಕ್ಷರ ಸಣ್ಣದಾದ್ದರಿಂದ ಪಕ್ಕದವರಿಗೆ ಕಾಣುವುದಿಲ್ಲ. ಕಟ್ಟಿನಲ್ಲಿ 40 ಅಥವಾ 63 ಕಾರ್ಡು ಮಾತ್ರ ಇರುತ್ತವೆ, ನಿಮ್ಮಲ್ಲಿ 110 ಜನ. ಇವತ್ತು ರೋಲ್ ನಂಬರ್ 1ರಿಂದ 55, ನಾಳೆ 56ರಿಂದ 110 ಎಂದು ಹಂಚಿ. ಅರ್ಧ ತರಗತಿಯ ಉತ್ತರದಿಂದಲೇ ಪಾಠದ ಗತಿ ತಿಳಿಯುತ್ತದೆ. ಕಾರ್ಡುಗಳಿಗೆ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ಕಿಟಕಿಯ ಬೆಳಕು ಹೊಳೆದು ಕ್ಯಾಮೆರಾ ಓದುವುದಿಲ್ಲ. ಹೆಬ್ಬೆರಳು ಚಿತ್ರದ ಮೇಲೆ ಬಂದರೂ ಅದೇ ಗತಿ. ದಪ್ಪ ಕಾಗದದಲ್ಲಿ ಮುದ್ರಿಸಿ ಅಂಚು ಹಿಡಿಯಲು ಹೇಳಿ.

ಈ ಮತಕ್ಕೆ ಮಾತ್ರ ಅಂಕ ಕೊಡಬೇಡಿ. ಅಂಕ ಬಂತೆಂದರೆ ನಕಲೂ ಬಂತು.

ಪ್ರಶ್ನೆ: ಬಿ.ಕಾಂ. 72 ವಿದ್ಯಾರ್ಥಿಗಳ ಐಎ ಟೆಸ್ಟ್ ಪತ್ರಿಕೆ ತಿದ್ದುತ್ತೇನೆ. ಪ್ರತಿಯೊಬ್ಬರಿಗೂ ಷರಾ ಬರೆಯಲು ಸಮಯವಿಲ್ಲ. ಕಷ್ಟಪಟ್ಟು ಬರೆದರೂ ಮಕ್ಕಳು ಅಂಕ ನೋಡಿ ಪತ್ರಿಕೆ ಮಡಿಸಿ ಇಡುತ್ತಾರೆ.
— ಸಹಾಯಕ ಪ್ರಾಧ್ಯಾಪಕಿ, ತುಮಕೂರು

ಉತ್ತರ: ಅಂಕ ನೋಡಿ ಪತ್ರಿಕೆ ಮಡಿಸುವುದು ನಿಮ್ಮ ಮಕ್ಕಳದ್ದೊಂದೇ ಚಾಳಿ ಅಲ್ಲ, ಮೇಡಂ. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇಸ್ರೇಲಿನ ಶಾಲಾ ಮಕ್ಕಳಲ್ಲಿ ಒಂದು ಗುಂಪಿಗೆ ಷರಾ ಮಾತ್ರ, ಇನ್ನೊಂದಕ್ಕೆ ಅಂಕ ಮಾತ್ರ, ಮೂರನೆಯದಕ್ಕೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಷರಾ ಮಾತ್ರ ಪಡೆದ ಗುಂಪು. ಅಂಕದ ಜೊತೆಗೆ ಷರಾ ಪಡೆದವರಿಗೆ ಅಂಕ ಮಾತ್ರ ಪಡೆದವರಿಗಿಂತ ಹೆಚ್ಚಿನ ಲಾಭವಾಗಲಿಲ್ಲ. ಅವರು ಸಣ್ಣ ಮಕ್ಕಳು, ನಿಮ್ಮವರು ಪದವಿಯವರು. ಆದರೂ ಒಂದು ಸರಳ ಪ್ರಯೋಗ ಮಾಡಬಹುದು. ಪತ್ರಿಕೆಯನ್ನು ಷರಾ ಸಮೇತ, ಅಂಕವಿಲ್ಲದೆ ಕೊಡಿ. ಅಂಕ ನಿಮ್ಮ ಶೀಟಿನಲ್ಲಿರಲಿ, ಮುಂದಿನ ತರಗತಿಯಲ್ಲಿ ತಿಳಿಸಿ. ಅಷ್ಟರೊಳಗೆ ತಪ್ಪಾದ ಒಂದು ಉತ್ತರವನ್ನಷ್ಟೇ ಮತ್ತೆ ಬರೆದು ತರಲಿ.

ಇನ್ನು ಸಮಯದ ಮಾತು. ಒಬ್ಬೊಬ್ಬರಿಗೆ ಎರಡು ನಿಮಿಷ ಷರಾ ಬರೆದರೆ 72 ಜನಕ್ಕೆ ಎರಡು ಗಂಟೆ 24 ನಿಮಿಷ. ಷರಾಗಳ ಬದಲು ಸಂಖ್ಯೆ ಬರೆಯಿರಿ, 15 ಸೆಕೆಂಡಿನಂತೆ 18 ನಿಮಿಷ. ಮೊದಲು ಹತ್ತು ಪತ್ರಿಕೆ ಓದಿ ಮರುಕಳಿಸುವ ತಪ್ಪುಗಳ ಪಟ್ಟಿ ಮಾಡಿಕೊಳ್ಳಿ. ಅಂತಿಮ ಲೆಕ್ಕಪತ್ರದ ಟೆಸ್ಟಾದರೆ ಪಟ್ಟಿ ಸುಮಾರು ಹೀಗಿರುತ್ತದೆ: 1 – ಹೊಂದಾಣಿಕೆಯನ್ನು ಒಂದೇ ಕಡೆ ತೋರಿಸಿದ್ದೀರಿ, ಕೊಡಬೇಕಾದ ಸಂಬಳ ಲಾಭ-ನಷ್ಟ ಖಾತೆಯಲ್ಲಿ ಸಂಬಳಕ್ಕೆ ಸೇರಬೇಕು, ಅಢಾವೆ ಪತ್ರಿಕೆಯಲ್ಲಿ ಹೊಣೆಯಾಗಿಯೂ ಬರಬೇಕು. 2 – ಬಂಡವಾಳ ವೆಚ್ಚವನ್ನು ರಾಜಸ್ವ ವೆಚ್ಚವೆಂದು ಹಿಡಿದಿದ್ದೀರಿ. 3 – ಡೆಬಿಟ್ ಕ್ರೆಡಿಟ್ ಅದಲುಬದಲು. 4 – ವಿಧಾನ ಸರಿ, ಕೂಡಿಕೆ ತಪ್ಪು. 5 – ವರ್ಕಿಂಗ್ ನೋಟ್ ಇಲ್ಲ, ಅಂಕಿ ಎಲ್ಲಿಂದ ಬಂತು ಗೊತ್ತಾಗುವುದಿಲ್ಲ. ಪಟ್ಟಿ ಎಂಟು ದಾಟದಿರಲಿ, ದಾಟಿದರೆ ನಿಮಗೇ ನೆನಪಿರುವುದಿಲ್ಲ. ಇದರ ಒಂದು ಪುಟದ ವಿವರಣೆ ಮಾಡಿ ಗೂಗಲ್ ಕ್ಲಾಸ್‌ರೂಮಿಗೋ ಗುಂಪಿಗೋ ಹಾಕಿ. ಮಕ್ಕಳು ತಮ್ಮ ಪತ್ರಿಕೆಯ ಸಂಖ್ಯೆಯನ್ನು ಅದರಲ್ಲಿ ಹುಡುಕಿ ಓದಿಕೊಳ್ಳುತ್ತಾರೆ.

ಅದೇ ಸಂಖ್ಯೆಗಳನ್ನು ಎಕ್ಸೆಲ್ ಶೀಟಿನಲ್ಲಿ ರೋಲ್ ನಂಬರ್ ಎದುರು ಹಾಕಿಕೊಂಡರೆ 72ರಲ್ಲಿ ಎಷ್ಟು ಜನ ಮೊದಲ ತಪ್ಪು ಮಾಡಿದ್ದಾರೆಂದು ತಕ್ಷಣ ಸಿಗುತ್ತದೆ. ನಲವತ್ತು ಜನ ಮಾಡಿದ್ದರೆ ಅದು ಅವರ ತಪ್ಪಲ್ಲ, ಪಾಠದ ತಪ್ಪು. ಅಲ್ಲಿ ಷರಾ ಬೇಡ, ಇನ್ನೊಂದು ತರಗತಿ ಬೇಕು.

ತಿದ್ದುವಾಗ ಒಬ್ಬರ ಪತ್ರಿಕೆ ಪೂರ್ತಿ ಮುಗಿಸಿ ಇನ್ನೊಬ್ಬರದ್ದಕ್ಕೆ ಹೋಗಬೇಡಿ. ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೇ ಪ್ರಶ್ನೆ ತಿದ್ದಿ. ಮೊದಲ ಉತ್ತರ ಚೆನ್ನಾಗಿದ್ದವರ ಎರಡನೇ ಉತ್ತರಕ್ಕೆ ಕೈ ತಾನಾಗಿ ಒಂದು ಅಂಕ ಹೆಚ್ಚು ಹಾಕುವುದು ಇದರಿಂದ ತಪ್ಪುತ್ತದೆ, ವೇಗವೂ ಹೆಚ್ಚುತ್ತದೆ. ಅಂಕಪಟ್ಟಿಯನ್ನು ಹೆಸರಿನ ಸಮೇತ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸವಿದ್ದರೆ ಇವತ್ತೇ ಬಿಟ್ಟುಬಿಡಿ. ಮೇಲ್ ಮರ್ಜ್ ಬಳಸಿ ಅವರವರದ್ದನ್ನು ಅವರವರಿಗೆ ಕಳಿಸುವುದು ಹತ್ತು ನಿಮಿಷದ ಕೆಲಸ.

ಪ್ರಶ್ನೆ: ಕನ್ನಡ ಮಾಧ್ಯಮದ ಇತಿಹಾಸ ತರಗತಿಗೆ ಆನ್‌ಲೈನ್ ಕ್ವಿಜ್ ಮಾಡಿದೆ. ಒಂದು ಪದದ ಉತ್ತರ. ಸರಿಯಾಗಿ ಬರೆದವರಿಗೂ ಸೊನ್ನೆ ಬಂದಿದೆ. ಪರದೆಯ ಮೇಲೆ ನನ್ನ ಉತ್ತರವೂ ಅವರ ಉತ್ತರವೂ ಒಂದೇ ಥರ ಕಾಣುತ್ತವೆ! ಕನ್ನಡ ಇಂಥದ್ದಕ್ಕೆ ಆಗುವುದೇ ಇಲ್ಲವೇ?
— ಉಪನ್ಯಾಸಕರು, ವಿಜಯಪುರ

ಉತ್ತರ: ಆಗುತ್ತದೆ, ಆದರೆ ಯಂತ್ರ ಅಕ್ಷರವನ್ನು ನೋಡುವುದಿಲ್ಲ, ಅದರ ಹಿಂದಿನ ಸಂಕೇತ ಸಂಖ್ಯೆಗಳನ್ನು ನೋಡುತ್ತದೆ ಎಂಬುದನ್ನು ನೆನಪಿಡಬೇಕು. ಕಣ್ಣಿಗೆ ಒಂದಾಗಿ ಕಂಡು ಯಂತ್ರಕ್ಕೆ ಎರಡಾಗುವ ಜಾಗಗಳು ಕನ್ನಡದಲ್ಲಿ ಹಲವು.

‘ಕೊ’ ಅಕ್ಷರವನ್ನೇ ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಸಂಖ್ಯೆ ಕೊಡುವ ವ್ಯವಸ್ಥೆ) ‘ೊ’ ಎಂಬ ಒಂದೇ ಚಿಹ್ನೆಯಿಂದ ಬರೆಯಬಹುದು, ಇಲ್ಲವೇ ‘ೆ’ ಮತ್ತು ‘ೂ’ ಎಂಬ ಎರಡು ಚಿಹ್ನೆಗಳನ್ನು ಸೇರಿಸಿಯೂ ಬರೆಯಬಹುದು. ಕಾಣುವುದು ಒಂದೇ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ತಂತ್ರಾಂಶಕ್ಕೆ ಇದು ತೊಂದರೆಯಲ್ಲ, ತರದ ತಂತ್ರಾಂಶಕ್ಕೆ ಅವು ಎರಡು ಬೇರೆ ಪದ. ಎರಡನೆಯದು ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು. ‘ರ್‍ಯಾಂಕ್’ ಎಂದು ರ ಅಕ್ಷರವನ್ನು ಪೂರ್ತಿ ತೋರಿಸಲು, ‘ಸಾಫ್ಟ್‌ವೇರ್’ನಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕೀಲಿಮಣೆ ಒಂದು ಅದೃಶ್ಯ ಸಂಕೇತ ಸೇರಿಸುತ್ತದೆ. ಫೋನಿನ ಒಂದು ಕೀಬೋರ್ಡ್ ಸೇರಿಸುತ್ತದೆ, ಇನ್ನೊಂದು ಸೇರಿಸುವುದಿಲ್ಲ. ಮೂರನೆಯದು ಕಾಣುವ ವ್ಯತ್ಯಾಸ, ಆದರೆ ಎರಡೂ ಸರಿ: ‘ಸೂರ್ಯ’ ಮತ್ತು ‘ಸೂರ್‍ಯ’. ‘1565’ ಮತ್ತು ‘೧೫೬೫’ ಕೂಡ ಹಾಗೆಯೇ. ಪದದ ಕೊನೆಗೆ ಸ್ವಯಂಪೂರ್ಣಗೊಳಿಸುವ ಕೀಬೋರ್ಡ್ ಸೇರಿಸಿದ ಒಂದು ಖಾಲಿ ಜಾಗವಂತೂ ಬಹಳ ಅಂಕ ತಿನ್ನುತ್ತದೆ.

ಉತ್ತರದ ಬೇರೆ ಬೇರೆ ರೂಪಗಳನ್ನು ಮರೆಯಬೇಡಿ. ‘ವಿಜಯನಗರದ ರಾಜಧಾನಿ ಯಾವುದು?’ ಎಂದರೆ ‘ಹಂಪಿ’, ‘ಹಂಪೆ’, ‘ಹಂಪಿ ಆಗಿತ್ತು’, ‘ವಿಜಯನಗರ’ ಎಲ್ಲ ಬರುತ್ತವೆ. ಇದು ಪ್ರಶ್ನೆಯ ದೋಷ.

ಹಾಗಾಗಿ ಉತ್ತರ ಸಂಖ್ಯೆಯಾಗಿದ್ದರೆ ಸಂಖ್ಯೆಯ ಮಾದರಿಯ ಪ್ರಶ್ನೆ ಮಾಡಿ, ಇಂಗ್ಲಿಷ್ ಅಂಕಿಯಲ್ಲೇ ಬರೆಯಬೇಕೆಂದು ಪ್ರಶ್ನೆಯಲ್ಲೇ ಹೇಳಿ. ಹೆಸರುಗಳಿಗೆ ಹೊಂದಿಸಿ ಬರೆಯುವ ಮಾದರಿ ಒಳ್ಳೆಯದು, ಮಕ್ಕಳು ಟೈಪ್ ಮಾಡಬೇಕಾಗಿಲ್ಲ. ಟೈಪ್ ಮಾಡಲೇಬೇಕಾದ ಪ್ರಶ್ನೆಗೆ ಮೊದಲು ಐದು ಜನ ಬೇರೆ ಬೇರೆ ಫೋನಿನಲ್ಲಿ ಉತ್ತರ ಬರೆಯಲಿ, ಬಂದ ಎಲ್ಲ ಸರಿ ರೂಪಗಳನ್ನೂ ಉತ್ತರಗಳ ಪಟ್ಟಿಗೆ ನಕಲು ಮಾಡಿ ಸೇರಿಸಿ. ಮೂಡಲ್ ಎಂಬ ಕಲಿಕಾ ತಂತ್ರಾಂಶದಲ್ಲಿ ‘ಹಂಪ*’ ಎಂದು ನಕ್ಷತ್ರ ಚಿಹ್ನೆ ಬಳಸಿದರೆ ಮುಂದಿನ ಪ್ರತ್ಯಯ ಏನಿದ್ದರೂ ಒಪ್ಪುತ್ತದೆ. ಕ್ವಿಜ್ ಮುಗಿದ ಮೇಲೆ ಬಂದ ಉತ್ತರಗಳನ್ನೆಲ್ಲ ಒಮ್ಮೆ ಕಣ್ಣಾಡಿಸಿ, ಬಿಟ್ಟುಹೋದ ರೂಪ ಸೇರಿಸಿ, ‘ರೀಗ್ರೇಡ್’ ಒತ್ತಿದರೆ ಎಲ್ಲರ ಅಂಕವೂ ಸರಿಹೋಗುತ್ತದೆ. ಗೂಗಲ್ ಫಾರ್ಮಿನಲ್ಲಿ ಉತ್ತರಗಳನ್ನು ಪ್ರಶ್ನೆವಾರು ನೋಡುವ ಪುಟ ತೆರೆದರೆ ಒಂದೇ ರೀತಿಯ ಉತ್ತರಗಳು ಗುಂಪಾಗಿ ಸಿಗುತ್ತವೆ, ಗುಂಪಿಗೇ ಅಂಕ ಕೊಡಬಹುದು. ಈ ಪರಿಶೀಲನೆ ಆಗುವವರೆಗೆ ಫಲಿತಾಂಶ ಬಿಡುಗಡೆ ಮಾಡಬೇಡಿ. ಒಮ್ಮೆ ಸೊನ್ನೆ ನೋಡಿದವರಿಗೆ ಆಮೇಲೆ ಸರಿಪಡಿಸಿದ ಅಂಕದ ಮೇಲೂ ನಂಬಿಕೆ ಬರುವುದಿಲ್ಲ.

ಪ್ರಶ್ನೆ: ಮೂಡಲ್‌ನ ಕ್ವಿಜ್ ವರದಿಯಲ್ಲಿ ಫೆಸಿಲಿಟಿ ಇಂಡೆಕ್ಸ್, ಡಿಸ್ಕ್ರಿಮಿನೇಷನ್ ಇಂಡೆಕ್ಸ್ ಎಂದು ಬರುತ್ತದೆ. ಅದರಿಂದ ಏನು ಪ್ರಯೋಜನ?
— ಎಂಜಿನಿಯರಿಂಗ್ ಕಾಲೇಜು ಉಪನ್ಯಾಸಕಿ, ದಾವಣಗೆರೆ

ಉತ್ತರ: ಪ್ರಶ್ನೆಪತ್ರಿಕೆಗೇ ಅಂಕ ಕೊಡುವ ವಿಧಾನ ಅದು. ಮೊದಲನೆಯದು ಪ್ರಶ್ನೆ ಎಷ್ಟು ಸುಲಭ ಎಂದು ಹೇಳುತ್ತದೆ, ಎರಡನೆಯದು ಬಲ್ಲವರನ್ನೂ ಅರಿಯದವರನ್ನೂ ಬೇರ್ಪಡಿಸುತ್ತದೆಯೇ ಎಂದು.

ಕೈಯಲ್ಲೇ ಒಮ್ಮೆ ಮಾಡಿ ನೋಡಿದರೆ ವರದಿ ಓದುವುದು ಸುಲಭ. 60 ವಿದ್ಯಾರ್ಥಿಗಳನ್ನು ಒಟ್ಟು ಅಂಕದ ಕ್ರಮದಲ್ಲಿ ಜೋಡಿಸಿ. ಮೇಲಿನ ಶೇ. 27, ಕೆಳಗಿನ ಶೇ. 27, ಅಂದರೆ 16 ಜನ ಅತ್ತ, 16 ಜನ ಇತ್ತ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 12, ಕೆಳಗಿನವರಲ್ಲಿ 5 ಜನ ಸರಿ ಬರೆದಿದ್ದಾರೆ. ಸುಲಭತೆ: 32ರಲ್ಲಿ 17, ಅಂದರೆ 0.53. ಭೇದಕ ಶಕ್ತಿ: 12ರಿಂದ 5 ಕಳೆದು 16ರಿಂದ ಭಾಗಿಸಿದರೆ 0.44. ಒಳ್ಳೆಯ ಪ್ರಶ್ನೆ. ಇನ್ನೊಂದಕ್ಕೆ ಮೇಲಿನವರಲ್ಲಿ 6, ಕೆಳಗಿನವರಲ್ಲಿ 10. ಭೇದಕ ಶಕ್ತಿ ಮೈನಸ್ 0.25. ಚೆನ್ನಾಗಿ ಓದಿದವರೇ ಎಡವುತ್ತಿದ್ದಾರೆಂದರೆ ಮೊದಲು ನಿಮ್ಮ ಉತ್ತರಸೂಚಿ ನೋಡಿ, ಬಹುತೇಕ ಅದೇ ತಪ್ಪಿರುತ್ತದೆ. ಅದು ಸರಿಯಿದ್ದರೆ ಎರಡು ಆಯ್ಕೆಗಳು ಸರಿಯೆನಿಸುವಂತಿವೆ, ಇಲ್ಲವೇ ವಾಕ್ಯದಲ್ಲಿ ‘ಅಲ್ಲ’ ಎಂಬುದು ಅಡಗಿ ಕುಳಿತಿದೆ.

ಸಾಮಾನ್ಯವಾಗಿ ಭೇದಕ ಶಕ್ತಿ 0.3ರ ಮೇಲಿದ್ದರೆ ಇಟ್ಟುಕೊಳ್ಳಿ, 0.2ರ ಕೆಳಗಿದ್ದರೆ ತಿದ್ದಿ. ಕಣ್ಣುಮುಚ್ಚಿ ಇದನ್ನು ಪಾಲಿಸಬೇಡಿ. ಎಲ್ಲರೂ ಬಲ್ಲ ಮೂಲಭೂತ ಪ್ರಶ್ನೆಗೆ ಈ ಸಂಖ್ಯೆ ಕಡಿಮೆಯೇ ಬರುತ್ತದೆ, ಅದು ದೋಷವಲ್ಲ. ತರಗತಿ 30 ಜನರದ್ದಾದರೆ ಒಂದೊಂದು ಗುಂಪಿನಲ್ಲಿ ಎಂಟೇ ಜನ, ಒಬ್ಬರ ಉತ್ತರ ಬದಲಾದರೆ ಸಂಖ್ಯೆ 0.125ರಷ್ಟು ಅಲುಗಾಡುತ್ತದೆ. ಎರಡು ಮೂರು ಬ್ಯಾಚಿನ ಫಲಿತಾಂಶ ಸೇರಿಸಿ ನೋಡಿ. ಮೂಡಲ್ ಕೊಡುವ ಡಿಸ್ಕ್ರಿಮಿನೇಷನ್ ಇಂಡೆಕ್ಸ್ ಈ 27ರ ಲೆಕ್ಕವಲ್ಲ, ಆ ಪ್ರಶ್ನೆಯ ಅಂಕಕ್ಕೂ ಉಳಿದ ಕ್ವಿಜ್‌ನ ಅಂಕಕ್ಕೂ ಇರುವ ಸಹಸಂಬಂಧ. ಸಂಖ್ಯೆ ಬೇರೆ ಬಂದರೆ ಗಾಬರಿಯಾಗಬೇಡಿ, ಅದು ಹೇಳುವ ದಿಕ್ಕು ಒಂದೇ.

ಯಾರೂ ಆರಿಸದ ಆಯ್ಕೆ ಕಂಡರೆ ಬದಲಿಸಿ. ನಾಲ್ಕು ಆಯ್ಕೆಯ ಪ್ರಶ್ನೆ ಅಲ್ಲಿ ಮೂರರದ್ದಾಗಿದೆ.

ಪ್ರಶ್ನೆ: ಡಿಜಿಟಲ್ ವ್ಯಾಲ್ಯುಯೇಷನ್ ಅಂದರೆ ಕಂಪ್ಯೂಟರೇ ಅಂಕ ಹಾಕುತ್ತದಾ? ಹಾಗಿದ್ದರೆ ಮರುಮೌಲ್ಯಮಾಪನದಲ್ಲಿ ಅಂಕ ಬದಲಾಗುವುದು ಯಾಕೆ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ಇಲ್ಲಪ್ಪಾ, ಅಂಕ ಹಾಕುವವರು ಮೇಷ್ಟ್ರೇ. ನೀನು ಬರೆದ ಉತ್ತರ ಪತ್ರಿಕೆಯಲ್ಲಿ ನೋಂದಣಿ ಸಂಖ್ಯೆಯನ್ನು ಮರೆಮಾಡಿ, ಬಾರ್‌ಕೋಡ್ ಹಚ್ಚಿ, ಪುಟಗಳನ್ನು ಸ್ಕ್ಯಾನ್ ಮಾಡಿ ಮೌಲ್ಯಮಾಪಕರ ಪರದೆಗೆ ಕಳಿಸುತ್ತಾರೆ. ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಈ ಪದ್ಧತಿ ಬಹಳ ವರ್ಷಗಳಿಂದ ಇದೆ. ಪ್ರತಿ ಉಪಪ್ರಶ್ನೆಗೂ ಅಂಕ ನಮೂದಿಸದೆ, ಪ್ರತಿ ಪುಟ ತೆರೆಯದೆ ಪತ್ರಿಕೆ ಮುಗಿಸಲು ಬಿಡದಂತೆ ತಂತ್ರಾಂಶ ರಚಿಸಬಹುದು. ಕೂಡಿಕೆ ಅದೇ ಮಾಡುತ್ತದೆ. ಹಾಗಾಗಿ ಕೂಡುವಾಗಿನ ತಪ್ಪು, ಪುಟ ಮಗುಚುವಾಗ ಉತ್ತರ ಬಿಟ್ಟುಹೋಗುವ ತಪ್ಪು ಬಹುಪಾಲು ಹೋಗುತ್ತವೆ. ‘ಈ ಉತ್ತರಕ್ಕೆ 10ರಲ್ಲಿ 6 ಅಥವಾ 8’ ಎಂಬ ತೀರ್ಮಾನ ಮನುಷ್ಯರದ್ದೇ, ಆದ್ದರಿಂದಲೇ ಅಂಕ ಬದಲಾಗುತ್ತದೆ. ಇಬ್ಬರು ಮೌಲ್ಯಮಾಪಕರ ಅಂಕಗಳ ನಡುವಿನ ವ್ಯತ್ಯಾಸ ನಿಯಮದಲ್ಲಿ ಹೇಳಿದ ಮಿತಿ ದಾಟಿದರೆ ಮೂರನೆಯವರಿಗೆ ಕಳಿಸುವ ಕ್ರಮ ಹಲವು ಕಡೆ ಇದೆ.

(ಮೌಲ್ಯಮಾಪನ ಕೇಂದ್ರದವರು ಇದನ್ನು ಓದುತ್ತಿದ್ದರೆ ಒಂದು ಮಾತು: ವ್ಯತ್ಯಾಸ ತಗ್ಗಿಸುವುದು ಪರದೆಯಲ್ಲ, ಮೊದಲ ದಿನದ ಸಭೆ. ಒಂದೇ ಐದು ಪತ್ರಿಕೆಗಳನ್ನು ಎಲ್ಲರೂ ಬೇರೆ ಬೇರೆಯಾಗಿ ತಿದ್ದಿ, ಅಂಕ ಹೋಲಿಸಿ, ಎಲ್ಲಿ ಭಿನ್ನವಾಯಿತೋ ಅಲ್ಲಿ ಅಂಕ ಹಂಚಿಕೆಯ ಸೂಚಿಯನ್ನು ಬಿಗಿ ಮಾಡಬೇಕು. ನಡುವೆ ಮೊದಲೇ ತಿದ್ದಿದ ಪತ್ರಿಕೆಯೊಂದನ್ನು ಗುಟ್ಟಾಗಿ ಸೇರಿಸಿದರೆ ಯಾರ ಕೈ ಸಡಿಲ, ಯಾರದ್ದು ಬಿಗಿ ಎಂದು ಆ ದಿನವೇ ತಿಳಿಯುತ್ತದೆ.)

ನಿನ್ನ ಕಡೆಯಿಂದ ಮಾಡಬೇಕಾದದ್ದು: ಗಾಢ ನೀಲಿ ಅಥವಾ ಕಪ್ಪು ಪೆನ್ನು ಬಳಸು, ಚಿತ್ರವನ್ನು ತೆಳು ಪೆನ್ಸಿಲಿನಲ್ಲಿ ಬಿಡಬೇಡ, ಸ್ಕ್ಯಾನಿನಲ್ಲಿ ಅದು ಮಾಯವಾಗುತ್ತದೆ. ಅಂಚಿನ ತನಕ ಬರೆಯಬೇಡ. ಪ್ರತಿ ಮುಖ್ಯ ಪ್ರಶ್ನೆಯನ್ನು ಹೊಸ ಪುಟದಲ್ಲಿ ಶುರು ಮಾಡಿ ಸಂಖ್ಯೆಯನ್ನು ದೊಡ್ಡದಾಗಿ ಬರೆ. ಇಂಕು ಹಿಂದಿನ ಪುಟಕ್ಕೆ ಇಳಿಯುವ ಜೆಲ್ ಪೆನ್ನು ಬೇಡ. ಅಂಕದ ಬಗ್ಗೆ ಅನುಮಾನವಿದ್ದರೆ ಮರುಮೌಲ್ಯಮಾಪನಕ್ಕೆ ಮೊದಲು ನಕಲು ಪ್ರತಿ ತರಿಸು. ತಿದ್ದಿದ ತನ್ನ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ, ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಪ್ರತಿ ಬಂದಾಗ ನೋಡಬೇಕಾದದ್ದು ಎಲ್ಲ ಪುಟಗಳೂ ಸ್ಕ್ಯಾನ್ ಆಗಿವೆಯೇ, ಬರೆದ ಪ್ರತಿ ಉತ್ತರಕ್ಕೂ ಅಂಕವೋ ಸೊನ್ನೆಯೋ ಬಿದ್ದಿದೆಯೇ, ಪ್ರಶ್ನೆ ಸಂಖ್ಯೆ ಅದಲುಬದಲಾಗಿದೆಯೇ ಎಂದು. ಮೂರೂ ಸರಿಯಿದ್ದು ಒಂದೆರಡು ಅಂಕದ ಕೊರಗಷ್ಟೇ ಇದ್ದರೆ ಶುಲ್ಕ ಕಟ್ಟುವ ಮುಂಚೆ ನಿನ್ನ ಮೇಷ್ಟ್ರಿಗೆ ಒಮ್ಮೆ ತೋರಿಸು. ಅರ್ಜಿಯ ಕೊನೆಯ ದಿನಾಂಕ ಮಾತ್ರ ಮರೆಯಬೇಡ.

ಪ್ರಶ್ನೆ: ನನ್ನ ತರಗತಿಯ ಅಸೈನ್‌ಮೆಂಟುಗಳೆಲ್ಲ ಚಾಟ್‌ಜಿಪಿಟಿಯ ಭಾಷೆಯಲ್ಲಿವೆ. ಪತ್ತೆ ಮಾಡುವ ಒಂದು ವೆಬ್‌ಸೈಟಿಗೆ ಹಾಕಿದರೆ ‘ಶೇ. 85 ಎಐ’ ಎನ್ನುತ್ತದೆ. ಅಂಕ ಕಳೆಯಬಹುದೇ?
— ಸಮಾಜಶಾಸ್ತ್ರ ಉಪನ್ಯಾಸಕರು, ಮೈಸೂರು

ಉತ್ತರ: ಆ ಒಂದೇ ಸಂಖ್ಯೆಯ ಆಧಾರದ ಮೇಲೆ ಕಳೆಯಬಾರದು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಏಳು ಪತ್ತೆ ತಂತ್ರಾಂಶಗಳಿಗೆ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಪ್ರಬಂಧಗಳನ್ನು ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರ ಬರೆದದ್ದು ಎಂದವು. ಸರಳ ಪದ, ನಿರೀಕ್ಷಿತ ವಾಕ್ಯರಚನೆ ಕಂಡರೆ ಅವುಗಳಿಗೆ ಅನುಮಾನ. ನಮ್ಮ ಹುಡುಗರ ಇಂಗ್ಲಿಷ್ ಅದೇ ಥರದ್ದಲ್ಲವೇ? ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು.

ಯುಜಿಸಿಯ 2018ರ ಕೃತಿಚೌರ್ಯ ನಿಯಮದ ಶೇಕಡಾವಾರು ಹಂತಗಳನ್ನು (10ರವರೆಗೆ ದಂಡವಿಲ್ಲ, ಆಮೇಲೆ 40, 60ರ ಮೆಟ್ಟಿಲು) ಇದಕ್ಕೆ ಅನ್ವಯಿಸುವವರಿದ್ದಾರೆ. ಆ ಹಂತಗಳು ಇರುವುದು ಬೇರೆ ಬರಹದೊಂದಿಗಿನ ಹೋಲಿಕೆಗೆ. ಹೋಲಿಕೆ ಬೇರೆ, ಎಐ ಎಂಬ ಊಹೆ ಬೇರೆ. ಕನ್ನಡ ಬರಹಕ್ಕೆ ಹೋಲಿಕೆ ವರದಿ ತೆಗೆಯುವಾಗಲೂ ಒಂದು ಎಚ್ಚರ: ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿರುವ ಕಡತ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪೂರ್ತಿ ನಕಲಾಗಿದ್ದರೂ ‘ಹೋಲಿಕೆ ಸೊನ್ನೆ’ ಎಂದು ಬರಬಹುದು. ಯೂನಿಕೋಡಿಗೆ ಪರಿವರ್ತಿಸಿದ ಕಡತವನ್ನೇ ಕೇಳಿ ಪಡೆಯಿರಿ.

ಮುಂದಿನ ಸಲ ಅಸೈನ್‌ಮೆಂಟನ್ನೇ ಬೇರೆ ರೀತಿ ಕಟ್ಟಿ. ‘ನಗರೀಕರಣದ ಪರಿಣಾಮಗಳು’ ಎಂದು ಕೊಟ್ಟರೆ ಯಂತ್ರಕ್ಕೆ ಹಬ್ಬ. ‘ನಿಮ್ಮ ಬೀದಿಯ ಐದು ಮನೆಗಳಲ್ಲಿ ಯಾರು ಯಾವ ಊರಿನಿಂದ ಬಂದರು, ಯಾವ ಕೆಲಸಕ್ಕೆ ಬಂದರು ಕೇಳಿ ಬನ್ನಿ, ಪಾಠದ ಯಾವ ಪರಿಕಲ್ಪನೆ ಇದಕ್ಕೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಬರೆಯಿರಿ’ ಎಂದು ಕೊಡಿ. 20 ಅಂಕವಿದ್ದರೆ ಹೀಗೆ ಹಂಚಬಹುದು: ಕೈಬರಹದ ಕ್ಷೇತ್ರ ಟಿಪ್ಪಣಿಗೆ 5, ತರಗತಿಯಲ್ಲೇ 20 ನಿಮಿಷದಲ್ಲಿ ಬರೆದ ಕರಡಿಗೆ 5, ಅಂತಿಮ ಬರಹಕ್ಕೆ 4, ಮೂರು ನಿಮಿಷದ ಮೌಖಿಕಕ್ಕೆ 6. ಮೌಖಿಕದಲ್ಲಿ ಎರಡೇ ಪ್ರಶ್ನೆ: ‘ಈ ವಾಕ್ಯವನ್ನು ನಿಮ್ಮ ಮಾತಿನಲ್ಲಿ ಹೇಳಿ’, ‘ಆರನೇ ಮನೆಯ ಉತ್ತರ ಬೇರೆ ಬಂದಿದ್ದರೆ ನಿಮ್ಮ ತೀರ್ಮಾನ ಏನಾಗುತ್ತಿತ್ತು?’ 60 ಜನಕ್ಕೆ ಮೂರು ಗಂಟೆ ಬೇಕು, ನಿಜ. ಓದದೆ ಬರೆದ 60 ಪ್ರಬಂಧ ಓದುವುದಕ್ಕೂ ಅಷ್ಟೇ ಬೇಕು.

ಪ್ರಶ್ನೆ: ಕಾಲೇಜಿನ ಐಕ್ಯೂಎಸಿ (ಆಂತರಿಕ ಗುಣಮಟ್ಟ ಖಾತರಿ ಕೋಶ) ಸಂಯೋಜಕಿಯಾಗಿದ್ದೇನೆ. ಸೆಮಿಸ್ಟರ್ ಕೊನೆಗೆ ವಿದ್ಯಾರ್ಥಿಗಳಿಂದ ಫೀಡ್‌ಬ್ಯಾಕ್ ಫಾರ್ಮ್ ತುಂಬಿಸುತ್ತೇವೆ. ಎಲ್ಲರಿಗೂ 5ಕ್ಕೆ 4.2, 4.3 ಬರುತ್ತದೆ. ಕಾಲೇಜುಗಳಿಗೆ ಮಾನ್ಯತೆಯ ಶ್ರೇಣಿ ಕೊಡುವ ನ್ಯಾಕ್‌ನ ಕಡತಕ್ಕೆ ಸೇರುತ್ತದೆ, ಪಾಠ ಹಾಗೇ ಇದೆ.
— ಶಿವಮೊಗ್ಗ

ಉತ್ತರ: ಕೊನೆಗೆ ಕೇಳಿದ್ದರಿಂದ ಆ ಮಕ್ಕಳಿಗೆ ಏನೂ ಸಿಗುವುದಿಲ್ಲ, ಹಾಗಾಗಿ ಅವರು ಒಂದೇ ಸಾಲಿನಲ್ಲಿ ಟಿಕ್ ಹೊಡೆದು ಎದ್ದು ಹೋಗುತ್ತಾರೆ. ಕಡತಕ್ಕೆ ಬೇಕಾದದ್ದು ಇರಲಿ. ಅದರ ಜೊತೆಗೆ ಐದನೇ ವಾರದಲ್ಲಿ ಐದು ನಿಮಿಷದ ಇನ್ನೊಂದನ್ನು ಮಾಡಿ: ಈ ತರಗತಿಯಲ್ಲಿ ಕಲಿಯಲು ಯಾವುದು ನೆರವಾಗುತ್ತಿದೆ? ಯಾವುದು ಅಡ್ಡಿಯಾಗುತ್ತಿದೆ? ಇದುವರೆಗಿನ ಪಾಠದಲ್ಲಿ ಯಾವ ಭಾಗ ಇನ್ನೂ ಮಸುಕಾಗಿದೆ? ಉತ್ತರ ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ. ಒಂದು ವಾರದೊಳಗೆ ಅದೇ ಅಧ್ಯಾಪಕರು ತರಗತಿಗೆ ಬಂದು ‘ನೀವು ಹೇಳಿದ್ದರಲ್ಲಿ ಇದನ್ನು ಬದಲಿಸುತ್ತೇನೆ, ಇದನ್ನು ಇಂಥ ಕಾರಣಕ್ಕೆ ಬದಲಿಸುವುದಿಲ್ಲ’ ಎಂದು ಹೇಳಬೇಕು. ಈ ಹೆಜ್ಜೆ ತಪ್ಪಿದರೆ ಮುಂದಿನ ಸಲ ಯಾರೂ ಮನಸ್ಸಿಟ್ಟು ಬರೆಯುವುದಿಲ್ಲ.

ಸರಾಸರಿ ಮಾತ್ರ ನೋಡಬೇಡಿ. 40 ಜನರಲ್ಲಿ 30 ಜನ 5, ಹತ್ತು ಜನ 2 ಕೊಟ್ಟರೂ 4.25, 30 ಜನ 4, ಹತ್ತು ಜನ 5 ಕೊಟ್ಟರೂ 4.25. ಮೊದಲನೆಯ ತರಗತಿಯಲ್ಲಿ ಹತ್ತು ಜನ ಮುಳುಗುತ್ತಿದ್ದಾರೆ. ಪ್ರತಿ ಅಂಕಕ್ಕೆ ಎಷ್ಟು ಜನ ಎಂಬ ಪಟ್ಟಿ ಕೊಡಿ.

ಅನಾಮಧೇಯತೆಯ ವಿಷಯದಲ್ಲಿ ಮಕ್ಕಳು ಹೆದರುವುದು ಸಹಜ. ಗೂಗಲ್ ಫಾರ್ಮಿನಲ್ಲಿ ‘ಇಮೇಲ್ ಸಂಗ್ರಹಿಸು’ ಆಯ್ಕೆ ಆಫ್ ಇರಲಿ. ‘ಒಬ್ಬರಿಗೆ ಒಂದೇ ಉತ್ತರ’ ಎಂಬುದನ್ನು ಆನ್ ಮಾಡಿದರೆ ಲಾಗಿನ್ ಕೇಳುತ್ತದೆ, ಆದರೆ ಇಮೇಲ್ ನಿಮಗೆ ಕಾಣುವುದಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಮಕ್ಕಳು ನಂಬುವುದಿಲ್ಲ. ಶೀಟಿನ ಸಮಯದ ಕಾಲಂ ಅಳಿಸಿಯೇ ಅಧ್ಯಾಪಕರಿಗೆ ಕೊಡಿ. ಹನ್ನೆರಡು ಜನರ ಐಚ್ಛಿಕ ತರಗತಿಯಲ್ಲಿ ಯಾವ ಸೆಟ್ಟಿಂಗೂ ಉಪಯೋಗವಿಲ್ಲ, ಬರಹದ ಧಾಟಿಯಿಂದಲೇ ಗೊತ್ತಾಗುತ್ತದೆ. ಅಲ್ಲಿ ಬೇರೆ ವಿಭಾಗದವರೊಬ್ಬರು ಹತ್ತು ನಿಮಿಷ ಕೂತು ಮಾತಾಡಿಸಿ ಸಾರಾಂಶ ಮಾತ್ರ ತಲುಪಿಸಲಿ.

ಅಧ್ಯಾಪಕರ ರ್‍ಯಾಂಕಿಂಗಿಗೆ ಇದನ್ನು ಬಳಸುವ ಯೋಚನೆಯಿದ್ದರೆ ಕೈಬಿಡಿ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ಸಮಸ್ಯೆ ಬಿಡಿಸುತ್ತ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ‘ಕಡಿಮೆ ಕಲಿತೆವು’ ಎಂದು ಫಾರ್ಮಿನಲ್ಲಿ ಬರೆದರು. ನಿರರ್ಗಳ ಉಪನ್ಯಾಸ ಕೇಳಿದವರಿಗೆ ಎಲ್ಲ ಅರ್ಥವಾದಂತೆ ಅನಿಸಿತ್ತು. ನಿಮ್ಮ ಕಾಲೇಜಿನಲ್ಲಿ ಮಕ್ಕಳ ಕೈಯಲ್ಲಿ ಲೆಕ್ಕ ಮಾಡಿಸುವ ಅಧ್ಯಾಪಕರಿಗೇ 3.9 ಬಂದಿರಬಹುದು, ಒಮ್ಮೆ ನೋಡಿ.

ಪ್ರಶ್ನೆ: ಪಾಠವನ್ನೆಲ್ಲ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬೇಕೆಂದಿದ್ದೇನೆ. ಒಂದೊಂದು 50 ನಿಮಿಷ. ಸಲಹೆ?
— ಉಪನ್ಯಾಸಕರು, ಉಡುಪಿ

ಉತ್ತರ: ತುಂಡು ಮಾಡಿ. ಎಡ್‌ಎಕ್ಸ್‌ನ ಆನ್‌ಲೈನ್ ಕೋರ್ಸುಗಳ ವಿಡಿಯೊ ವೀಕ್ಷಣೆಯ ಬಗ್ಗೆ 2014ರಲ್ಲಿ ಬಂದ ವಿಶ್ಲೇಷಣೆ ಪ್ರಕಾರ, ವಿಡಿಯೊ ಎಷ್ಟೇ ಉದ್ದವಿರಲಿ, ನೋಡುವ ಸಮಯದ ಮಧ್ಯಾಂಕ ಆರು ನಿಮಿಷ ದಾಟಲಿಲ್ಲ. ಒಂದು ವಿಡಿಯೊಗೆ ಒಂದೇ ವಿಷಯ, ಕೊನೆಗೆ ಒಂದು ಪ್ರಶ್ನೆ. ಕ್ಯಾಮೆರಾಗಿಂತ ಮೈಕಿಗೆ ದುಡ್ಡು ಹಾಕಿ, ಕಾಲರಿಗೆ ಸಿಕ್ಕಿಸುವಂಥದ್ದು ಸಾಕು. ಬೋರ್ಡಿನ ಅಕ್ಷರವನ್ನು 360ಪಿಯಲ್ಲಿ, ಫೋನಿನ ಪರದೆಯ ಮೇಲೆ ಒಮ್ಮೆ ಓದಿ ನೋಡಿ. ನಿಮ್ಮ ಹೆಚ್ಚಿನ ವಿದ್ಯಾರ್ಥಿಗಳು ನೋಡುವುದು ಹಾಗೆಯೇ. ಫ್ಯಾನ್ ಆಫ್ ಮಾಡಿ.